ಕಾಮಾಲೆಯ ಹಿಂದೆ ಯಾವ ಕ್ಯಾನ್ಸರ್? ಲಕ್ಷಣ, ರಕ್ತಪರೀಕ್ಷೆಗಳನ್ನು ಓದುವ ಬಗೆ

ಕಣ್ಣು ಹಳದಿಯಾಗಿ ಮೂರು ವಾರ ಕಳೆದಿದೆ. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇಲ್ಲ ಎಂದು ವರದಿ ಬಂದಿದೆ. ಯಾರೋ ಸಿಎ 19-9 ಎಂಬ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆ (ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ಅಂಶದ ಅಳತೆ) ಬರೆದುಕೊಟ್ಟಿದ್ದಾರೆ, ಅದು 200 ದಾಟಿದೆ. "ಹಾಗಾದರೆ ಇದು ಪ್ಯಾಂಕ್ರಿಯಾಸ್ ಕ್ಯಾನ್ಸರಾ, ಲಿವರ್ ಕ್ಯಾನ್ಸರಾ, ಪಿತ್ತನಾಳದ್ದಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಆ ಒಂದು ಸಂಖ್ಯೆಯಿಂದ ಹೇಳಲು ಆಗುವುದಿಲ್ಲ. ಆದರೆ ಲಕ್ಷಣಗಳು ಯಾವ ಕ್ರಮದಲ್ಲಿ ಬಂದವು, ಲಿವರ್ ಫಂಕ್ಷನ್ ಟೆಸ್ಟಿನಲ್ಲಿ ಯಾವುದು ಎಷ್ಟು ಏರಿದೆ, ಅಲ್ಟ್ರಾಸೌಂಡಿನಲ್ಲಿ ನಾಳ ಎಲ್ಲಿಯವರೆಗೆ ಹಿಗ್ಗಿದೆ ಎಂಬ ಮೂರನ್ನು ಒಟ್ಟಿಗಿಟ್ಟು ಓದಿದರೆ ತೊಂದರೆ ಯಾವ ಅಂಗದಲ್ಲಿದೆ ಎಂಬ ಸುಳಿವು ಸಾಕಷ್ಟು ಸಿಗುತ್ತದೆ. ರೋಗದ ಹೆಸರು ಖಚಿತವಾಗುವುದು ಸ್ಕ್ಯಾನ್ ಮತ್ತು ಬಯಾಪ್ಸಿಯಿಂದಲೇ. ರಕ್ತಪರೀಕ್ಷೆಯ ಕೆಲಸ ಎಲ್ಲಿ ಹುಡುಕಬೇಕು, ಎಷ್ಟು ಬೇಗ ಹುಡುಕಬೇಕು ಎಂದು ಹೇಳುವುದು.

ಇಲ್ಲಿ ನೋಡುವುದು ಕಾಮಾಲೆಯ ರೂಪದಲ್ಲಿ ಬಂದು ಒಂದಕ್ಕೊಂದು ಹೋಲುವ ಐದು ಕ್ಯಾನ್ಸರ್‌ಗಳನ್ನು: ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿಯ ತಲೆಯ ಭಾಗದ್ದು, ಪಿತ್ತನಾಳದ್ದು, ನಾಳ ಕರುಳಿಗೆ ತೆರೆದುಕೊಳ್ಳುವ ಆಂಪುಲ್ಲಾದ್ದು, ಪಿತ್ತಕೋಶ ಅಂದರೆ ಗಾಲ್ ಬ್ಲಾಡರಿನದ್ದು, ಮತ್ತು ಲಿವರಿನದ್ದು. ಇವುಗಳ ನಡುವಿನ ವ್ಯತ್ಯಾಸ ಚಿಕಿತ್ಸೆಯನ್ನೇ ಬದಲಿಸುತ್ತದೆ. ಅದಕ್ಕೇ ಇಷ್ಟು ವಿವರ.

ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆಯಿರಿ. ಮೂತ್ರ ಕಡು ಹಳದಿಯಾದದ್ದು ಯಾವಾಗ, ಮಲ ಬಿಳಿಚಿದ್ದು ಯಾವಾಗ, ತುರಿಕೆ ಶುರುವಾದದ್ದು, ನೋವು ಬಂದದ್ದು, ಜ್ವರ ಬಂದದ್ದು. ಆರು ತಿಂಗಳ ಹಿಂದಿನ ತೂಕ ನೆನಪಿಲ್ಲದಿದ್ದರೆ ಹಳೆಯ ಆಸ್ಪತ್ರೆ ಚೀಟಿಯಲ್ಲಿ ಇದ್ದೀತು, ಹುಡುಕಿ. ಸಕ್ಕರೆ ಕಾಯಿಲೆ ಇದ್ದರೆ ಅದು ಪತ್ತೆಯಾದ ವರ್ಷ, ಇತ್ತೀಚೆಗೆ ಮಾತ್ರೆ ಹೆಚ್ಚಿಸಬೇಕಾಯಿತೇ ಎಂಬುದನ್ನೂ ಬರೆಯಿರಿ. ಪಿತ್ತಕೋಶದ ಕಲ್ಲು ಕಂಡಿದ್ದ ಹಳೆಯ ಸ್ಕ್ಯಾನ್ ವರದಿ ಬೇಕು. ಪಿತ್ತಕೋಶ ತೆಗೆಸಿದ್ದರೆ ಅದರ ಬಯಾಪ್ಸಿ ವರದಿ ಬೇಕು. ಹಿಂದಿನ ಮೂರು ತಿಂಗಳಲ್ಲಿ ತೆಗೆದುಕೊಂಡ ಎಲ್ಲ ಔಷಧಿಗಳ ಪಟ್ಟಿ ಇರಲಿ, ಅದರಲ್ಲಿ ನಾಟಿ ಮದ್ದು, ಕಷಾಯ, ಕೂದಲು ಉದುರದಿರಲೆಂದು ನುಂಗುವ ಬಯೋಟಿನ್ ಮಾತ್ರೆಯೂ ಸೇರಬೇಕು. ಬಯೋಟಿನ್ ಕೆಲವು ಯಂತ್ರಗಳಲ್ಲಿ ಟ್ಯೂಮರ್ ಮಾರ್ಕರ್ ಪರೀಕ್ಷೆಯ ಫಲಿತಾಂಶವನ್ನು ಕೆಡಿಸುತ್ತದೆ.

ರಕ್ತದ ವರದಿಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ. ಒಂದೇ ದಿನದ ಸಂಖ್ಯೆಗಿಂತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಹೆಚ್ಚು ಹೇಳುತ್ತದೆ.

ಹಂತ 1: ಕಾಯಬಾರದ ಸ್ಥಿತಿ ಇದೆಯೇ ನೋಡಿ

ಕಾಮಾಲೆಯ ಜೊತೆ ನಡುಗಿಸುವ ಚಳಿಜ್ವರ, ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು ಇದ್ದರೆ ಅದು ಕೊಲಾಂಜೈಟಿಸ್, ಅಂದರೆ ಕಟ್ಟಿಕೊಂಡ ಪಿತ್ತದೊಳಗಿನ ಸೋಂಕು. ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು. ಮಾತು ತೊದಲುವುದು, ಗೊಂದಲ, ವಿಪರೀತ ನಿದ್ದೆ, ಮೂತ್ರ ಕಡಿಮೆಯಾಗುವುದು, ಡಾಂಬರಿನಂಥ ಕಪ್ಪು ಮಲ, ರಕ್ತವಾಂತಿ ಇವೂ ಅಷ್ಟೇ ತುರ್ತು. ಇವುಗಳಲ್ಲಿ ಯಾವುದಾದರೂ ಇದ್ದರೆ ಓದುವುದನ್ನು ನಿಲ್ಲಿಸಿ ಈಗಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಯಾವ ಕ್ಯಾನ್ಸರ್ ಎಂಬ ಪ್ರಶ್ನೆ ಆಮೇಲೆ.

ಹಂತ 2: ಪಿತ್ತ ಹರಿಯುವ ದಾರಿಯನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ

ಲಿವರ್ ಪಿತ್ತವನ್ನು ತಯಾರಿಸುತ್ತದೆ. ಅದರ ಬಲ ಮತ್ತು ಎಡ ಭಾಗದಿಂದ ಬರುವ ಎರಡು ನಾಳಗಳು ಲಿವರಿನ ಬಾಗಿಲಲ್ಲಿ ಒಂದಾಗುತ್ತವೆ. ವೈದ್ಯರು ಈ ಜಾಗಕ್ಕೆ ಹೈಲಂ ಎನ್ನುತ್ತಾರೆ. ಸ್ವಲ್ಪ ಕೆಳಗೆ ಪಿತ್ತಕೋಶದಿಂದ ಒಂದು ಕವಲು ಬಂದು ಸೇರುತ್ತದೆ. ಅಲ್ಲಿಂದ ಮುಖ್ಯ ನಾಳ ಕೆಳಗಿಳಿದು ಪ್ಯಾಂಕ್ರಿಯಾಸ್‌ನ ತಲೆಯ ಮೂಲಕ ಹಾದು, ಪ್ಯಾಂಕ್ರಿಯಾಸ್‌ನ ಸ್ವಂತ ನಾಳದೊಂದಿಗೆ ಸೇರಿ, ಆಂಪುಲ್ಲಾ ಎಂಬ ಸಣ್ಣ ತೂಬಿನ ಮೂಲಕ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಂಗೆ ಬೀಳುತ್ತದೆ. ಕೆರೆಯ ತೂಬು ಕಟ್ಟಿದರೆ ಅದರ ಹಿಂದಿನ ಕಾಲುವೆಯೆಲ್ಲ ತುಂಬುವಂತೆ, ತಡೆ ಎಲ್ಲಿದೆಯೋ ಅದರ ಮೇಲಿನ ಭಾಗವೆಲ್ಲ ಹಿಗ್ಗುತ್ತದೆ.

ಇದರಿಂದ ಒಂದು ಉಪಯುಕ್ತ ಸೂತ್ರ ಸಿಗುತ್ತದೆ. ಪಿತ್ತಕೋಶದ ಕವಲಿಗಿಂತ ಕೆಳಗೆ ತಡೆ ಇದ್ದರೆ ಪಿತ್ತಕೋಶವೂ ಊದಿ, ಬಲಪಕ್ಕೆಯ ಕೆಳಗೆ ನೋವಿಲ್ಲದ ಗುಂಡಗಿನ ಗಡ್ಡೆಯಾಗಿ ಕೈಗೆ ಸಿಗಬಹುದು. ಕವಲಿಗಿಂತ ಮೇಲೆ, ಹೈಲಂನಲ್ಲಿ ತಡೆ ಇದ್ದರೆ ಪಿತ್ತಕೋಶ ಖಾಲಿಯಾಗಿ ಮುದುಡಿರುತ್ತದೆ. ಸ್ವಿಸ್ ಶಸ್ತ್ರವೈದ್ಯ ಕೂರ್ವಾಸಿಯೇ 1890ರಲ್ಲೇ ಗಮನಿಸಿದ್ದೂ ಇದನ್ನೇ: ಕಾಮಾಲೆ ಇದ್ದು, ನೋವಿಲ್ಲದೆ ಪಿತ್ತಕೋಶ ಊದಿದ್ದರೆ ಕಾರಣ ಕಲ್ಲಾಗಿರುವ ಸಾಧ್ಯತೆ ಕಡಿಮೆ. ಬಹುಕಾಲದಿಂದ ಕಲ್ಲಿರುವ ಪಿತ್ತಕೋಶದ ಗೋಡೆ ಗಾಯಗೊಂಡು ಗಟ್ಟಿಯಾಗಿರುತ್ತದೆ, ಅದು ಸುಲಭವಾಗಿ ಹಿಗ್ಗುವುದಿಲ್ಲ. ಇದಕ್ಕೆ ಅಪವಾದಗಳಿವೆ, ಆದರೂ ಇಂದಿಗೂ ಬೆಲೆಯುಳ್ಳ ಸುಳಿವು.

ಹಂತ 3: ಇದು ತಡೆಯ ಕಾಮಾಲೆಯೇ ಎಂದು ತೀರ್ಮಾನಿಸಿ

ಟ್ಯೂಮರ್ ಮಾರ್ಕರ್‌ಗಿಂತ ಮೊದಲು ಓದಬೇಕಾದದ್ದು ಸಾಮಾನ್ಯ ಎಲ್‌ಎಫ್‌ಟಿ, ಅಂದರೆ ಲಿವರ್ ಫಂಕ್ಷನ್ ಟೆಸ್ಟ್ ವರದಿಯನ್ನು. ನಮ್ಮ ಮಟ್ಟಿಗೆ ಇಡೀ ಕಡತದಲ್ಲಿ ಅತ್ಯಂತ ಉಪಯುಕ್ತ ಹಾಳೆ ಅದೇ.

ಕಾಮಾಲೆಯ ಹಳದಿ ಬಣ್ಣ ತರುವ ಅಂಶವಾದ ಬಿಲಿರುಬಿನ್ ಒಟ್ಟು ಸಾಮಾನ್ಯವಾಗಿ ಡೆಸಿಲೀಟರಿಗೆ 1.2 ಮಿಲಿಗ್ರಾಂ ಒಳಗಿರುತ್ತದೆ. 2.5ರಿಂದ 3 ದಾಟಿದಾಗ ಕಣ್ಣಿನ ಬಿಳಿಭಾಗದಲ್ಲಿ ಹಳದಿ ಕಾಣುತ್ತದೆ. ಅದರಲ್ಲಿ ಡೈರೆಕ್ಟ್ ಬಿಲಿರುಬಿನ್, ಅಂದರೆ ಲಿವರ್ ಸಂಸ್ಕರಿಸಿ ಹೊರಗೆ ಕಳಿಸಲು ಸಿದ್ಧಮಾಡಿದ ಭಾಗ, ಅರ್ಧಕ್ಕಿಂತ ಹೆಚ್ಚಿದ್ದರೆ ತೊಂದರೆ ಲಿವರಿನಲ್ಲಿ ಅಥವಾ ಅದರ ಮುಂದಿನ ನಾಳದಲ್ಲಿದೆ. ಇನ್‌ಡೈರೆಕ್ಟ್ ಭಾಗವೇ ಹೆಚ್ಚಿದ್ದರೆ ಅದು ಬೇರೆ ದಾರಿ: ಕೆಂಪು ರಕ್ತಕಣ ಒಡೆಯುವ ಕಾಯಿಲೆ, ಗಿಲ್ಬರ್ಟ್ ಸಿಂಡ್ರೋಮ್ ಇತ್ಯಾದಿ. ಈ ಲೇಖನ ಅವರಿಗಲ್ಲ.

ಆಮೇಲೆ ಎರಡು ಕಿಣ್ವಗಳನ್ನು ಹೋಲಿಸಿ. ಎಎಲ್‌ಟಿ, ಇದಕ್ಕೆ ಎಸ್‌ಜಿಪಿಟಿ ಎಂಬ ಹೆಸರೂ ಉಂಟು, ಲಿವರಿನ ಜೀವಕೋಶ ಒಡೆದಾಗ ಏರುತ್ತದೆ. ಎಎಲ್‌ಪಿ, ಅಂದರೆ ಆಲ್ಕಲೈನ್ ಫಾಸ್ಫಟೇಸ್, ಪಿತ್ತದ ಹರಿವು ಕಟ್ಟಿದಾಗ ಏರುತ್ತದೆ. ಎರಡನ್ನೂ ನಿಮ್ಮ ಲ್ಯಾಬ್ ಕೊಟ್ಟಿರುವ ಮೇಲಿನ ಮಿತಿಯಿಂದ ಭಾಗಿಸಿ, ನಂತರ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆ 5 ಅಥವಾ ಹೆಚ್ಚಿದ್ದರೆ ಹೆಪಟೈಟಿಸ್‌ನ ಮಾದರಿ. 2 ಅಥವಾ ಕಡಿಮೆ ಇದ್ದರೆ ತಡೆಯ ಮಾದರಿ. ನಡುವೆ ಇದ್ದರೆ ಮಿಶ್ರ.

ಲೆಕ್ಕ ಹೀಗೆ. ಒಬ್ಬರ ವರದಿಯಲ್ಲಿ ಎಎಲ್‌ಟಿ 96, ಮಿತಿ 40. ಎಎಲ್‌ಪಿ 620, ಮಿತಿ 120 ಎಂದುಕೊಳ್ಳಿ. 96 ÷ 40 = 2.4. 620 ÷ 120 = 5.2. 2.4 ÷ 5.2 = 0.46. ಇದು ಸ್ಪಷ್ಟವಾಗಿ ತಡೆಯ ಕಾಮಾಲೆ. ಇನ್ನೊಬ್ಬರಲ್ಲಿ ಎಎಲ್‌ಟಿ 1450, ಎಎಲ್‌ಪಿ 160 ಇದ್ದರೆ ಅದೇ ಲೆಕ್ಕ 27 ಬರುತ್ತದೆ, ವೈರಲ್ ಹೆಪಟೈಟಿಸ್ ಅಥವಾ ಔಷಧಿಯ ವಿಷ ಪರಿಣಾಮದಂಥದ್ದು.

ಎಡವುವ ಜಾಗಗಳಿವೆ. ಎಎಲ್‌ಪಿ ಮೂಳೆಯಿಂದಲೂ ಬರುತ್ತದೆ, ಗರ್ಭಿಣಿಯರಲ್ಲಿ ಮತ್ತು ಬೆಳೆಯುವ ಮಕ್ಕಳಲ್ಲಿ ಸಹಜವಾಗಿಯೇ ಹೆಚ್ಚಿರುತ್ತದೆ. ಜಿಜಿಟಿ ಎಂಬ ಇನ್ನೊಂದು ಕಿಣ್ವ ಕೂಡ ಏರಿದ್ದರೆ ಮೂಲ ಪಿತ್ತದ ದಾರಿಯೇ. ಜಿಜಿಟಿ ಸಹಜವಾಗಿದ್ದರೆ ಮೂಳೆಯ ಕಡೆ ನೋಡಬೇಕು. ಆದರೆ ಮದ್ಯಪಾನ ಮಾಡುವವರಲ್ಲಿ ಜಿಜಿಟಿ ಒಂದೇ ಏರುವುದುಂಟು, ಅದನ್ನು ತಡೆ ಎಂದು ತಿಳಿಯಬಾರದು. ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಂಥ ಆ್ಯಂಟಿಬಯೋಟಿಕ್ ಮುಗಿಸಿದ ಕೆಲವು ವಾರಗಳ ನಂತರವೂ ತಡೆಯ ಮಾದರಿಯ ಕಾಮಾಲೆ ಬರಬಹುದು, ಅದಕ್ಕೇ ಔಷಧಿಗಳ ಪಟ್ಟಿ ಕೇಳಿದ್ದು. ಕಲ್ಲು ನಾಳಕ್ಕೆ ಜಾರಿದ ಮೊದಲ ದಿನ ಎಎಲ್‌ಟಿ ಕೂಡ ನೂರಾರಕ್ಕೆ ಜಿಗಿದು ಹೆಪಟೈಟಿಸ್‌ನಂತೆ ಕಂಡು, ಎರಡು ಮೂರು ದಿನದಲ್ಲಿ ಬೀಳುತ್ತದೆ.

ಪಿಟಿ ಮತ್ತು ಐಎನ್‌ಆರ್ ಅನ್ನೂ ನೋಡಿ, ಇವು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಹೇಳುತ್ತವೆ. ಪಿತ್ತ ಕರುಳಿಗೆ ಬರದಿದ್ದರೆ ವಿಟಮಿನ್ ಕೆ ಹೀರಲ್ಪಡುವುದಿಲ್ಲ, ಐಎನ್‌ಆರ್ ಏರುತ್ತದೆ. ಆಸ್ಪತ್ರೆಯಲ್ಲಿ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟ ಒಂದು ದಿನದಲ್ಲಿ ಅದು ಸರಿಹೋದರೆ ಲಿವರ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ದಾರಿ ಮಾತ್ರ ಕಟ್ಟಿದೆ. ಸರಿಹೋಗದಿದ್ದರೆ ಲಿವರೇ ದಣಿದಿದೆ: ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ), ಅಥವಾ ಅದರ ಮೇಲೆ ಬೆಳೆದ ಲಿವರ್ ಕ್ಯಾನ್ಸರ್ ನೆನಪಿಗೆ ಬರಬೇಕು.

ಬರಿಗಣ್ಣಿನ ಪರೀಕ್ಷೆಯೂ ಇದೆ. ಪೂರ್ತಿ ತಡೆಯಲ್ಲಿ ಮೂತ್ರ ಕಡು ಹಳದಿ ಅಥವಾ ಕಂದು, ಮಲ ಬಿಳಿಮಣ್ಣಿನ ಬಣ್ಣ, ಮೈಯೆಲ್ಲ ತುರಿಕೆ. ಮಲಕ್ಕೆ ಕಂದು ಬಣ್ಣ ಕೊಡುವುದು ಪಿತ್ತವೇ ಆದ್ದರಿಂದ ಮಲ ಬಿಳಿಚಿತು ಎಂದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾಮಾಲೆ ಎಂದೊಡನೆ ನೆಲನೆಲ್ಲಿ ಕಷಾಯ, ಉಪ್ಪಿಲ್ಲದ ಪಥ್ಯ, ಕೆಲವು ಕಡೆ ಕೈಗೆ ಬರೆ ಹಾಕಿಸುವುದು ನಮ್ಮಲ್ಲಿ ಇನ್ನೂ ನಡೆದಿದೆ. ಹೆಪಟೈಟಿಸ್ ಎ ಮತ್ತು ಇ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತವೆ, ಆ ಹೆಸರು ಮದ್ದಿಗೆ ಸಲ್ಲುತ್ತದೆ. ತಡೆಯ ಕಾಮಾಲೆ ಹಾಗೆ ಇಳಿಯುವುದಿಲ್ಲ. ಮಲ ಬಿಳಿಚಿ, ತುರಿಕೆ ಇದ್ದು, ಮೇಲಿನ ಲೆಕ್ಕ 2ಕ್ಕಿಂತ ಕಡಿಮೆ ಬಂದರೆ ಪಥ್ಯದಲ್ಲಿ ಕಳೆಯುವ ಪ್ರತಿ ವಾರವೂ ಆಪರೇಷನ್ ಮಾಡಬಹುದಾದ ಗಡ್ಡೆಯನ್ನು ಮಾಡಲಾಗದ ಗಡ್ಡೆಯ ಕಡೆಗೆ ತಳ್ಳುತ್ತದೆ. ಬರೆಯ ಗಾಯದಿಂದ ಸೋಂಕು ಬಂದು ಆಪರೇಷನ್ ಮುಂದೂಡಬೇಕಾಗುವುದೂ ಇದೆ.

ಹಂತ 4: ಲಕ್ಷಣಗಳು ಬಂದ ಕ್ರಮದಿಂದ ಅಂಗವನ್ನು ಊಹಿಸಿ

ಪ್ಯಾಂಕ್ರಿಯಾಸ್‌ನ ತಲೆಯ ಕ್ಯಾನ್ಸರಿನಲ್ಲಿ ಕಾಮಾಲೆ ಒಮ್ಮೆ ಶುರುವಾದರೆ ದಿನದಿನಕ್ಕೆ ಏರುತ್ತದೆ, ಇಳಿಯುವುದಿಲ್ಲ. ಆರಂಭದಲ್ಲಿ ನೋವು ಇಲ್ಲದಿರಬಹುದು. ಬಂದರೆ ಹೊಟ್ಟೆಯ ನಡುವಿನಿಂದ ಬೆನ್ನಿಗೆ ಇರಿಯುವ, ಮಲಗಿದರೆ ಹೆಚ್ಚುವ, ಮುಂದೆ ಬಾಗಿ ಕುಳಿತರೆ ತುಸು ತಗ್ಗುವ ನೋವು. ಕಾಮಾಲೆಗೂ ಮುಂಚೆಯೇ ತೂಕ ಇಳಿದಿರುತ್ತದೆ. ಜಿಡ್ಡು ತೇಲುವ, ನೀರು ಸುರಿದರೂ ಹೋಗದ, ದುರ್ವಾಸನೆಯ ಮಲ ಬಂದರೆ ಕೊಬ್ಬು ಜೀರ್ಣವಾಗುತ್ತಿಲ್ಲ. 50 ದಾಟಿದವರಲ್ಲಿ ಮನೆತನದ ಇತಿಹಾಸವೂ ಇಲ್ಲದೆ, ದಪ್ಪವೂ ಇಲ್ಲದೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದು ಜೊತೆಗೆ ತೂಕವೂ ಇಳಿಯುತ್ತಿದ್ದರೆ ಅದನ್ನು ಸಕ್ಕರೆಯ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು. ಹೊಸ ಮಧುಮೇಹಿಗಳಲ್ಲಿ ನೂರಕ್ಕೆ ಒಬ್ಬರಿಗೂ ಈ ಕ್ಯಾನ್ಸರ್ ಇರುವುದು ಕಷ್ಟ, ಆದ್ದರಿಂದ ಎಲ್ಲರೂ ಹೆದರಬೇಕಿಲ್ಲ. ತೂಕ ಇಳಿಯುವವರು ಮಾತ್ರ ಸ್ಕ್ಯಾನ್ ಕೇಳಬೇಕು. ದಕ್ಷಿಣ ಭಾರತದಲ್ಲಿ ಕಾಣುವ, ಚಿಕ್ಕ ವಯಸ್ಸಿನಿಂದಲೇ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು ಕಟ್ಟುವ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇರುವವರಿಗೆ ಅಪಾಯ ಹೆಚ್ಚು. ಹಳೆಯ ನೋವಿನ ಸ್ವಭಾವ ಬದಲಾದರೆ ಮತ್ತೆ ಸ್ಕ್ಯಾನ್ ಬೇಕು.

ಆಂಪುಲ್ಲಾದ ಕ್ಯಾನ್ಸರ್ ಇದರ ಪಕ್ಕದಲ್ಲೇ ಇದ್ದರೂ ನಡವಳಿಕೆ ಬೇರೆ. ಕಾಮಾಲೆ ಏರುತ್ತದೆ, ಒಂದಿಷ್ಟು ಇಳಿಯುತ್ತದೆ, ಮತ್ತೆ ಏರುತ್ತದೆ. ಗಡ್ಡೆಯ ತುದಿ ಉದುರಿದಾಗ ದಾರಿ ಕೊಂಚ ಬಿಡುವುದೇ ಇದಕ್ಕೆ ಕಾರಣ. ಹಾಗೆ ಉದುರುವಾಗ ಸ್ವಲ್ಪ ಸ್ವಲ್ಪ ರಕ್ತ ಕರುಳಿಗೆ ಸೋರಿ, ಕಬ್ಬಿಣದ ಕೊರತೆಯ ರಕ್ತಹೀನತೆ ಜೊತೆಯಾಗುತ್ತದೆ. ಬಿಳಿಚಿದ ಮಲಕ್ಕೆ ಈ ರಕ್ತ ಬೆರೆತು ಬೆಳ್ಳಿಯ ಬಣ್ಣ ಬರುವುದುಂಟು, ಅಪರೂಪ. ತಡೆಯ ಕಾಮಾಲೆ ಇದ್ದು ಹಿಮೋಗ್ಲೋಬಿನ್ ಕೂಡ ಕಡಿಮೆಯಾಗಿದ್ದರೆ ಆಂಪುಲ್ಲಾವನ್ನು ಕಣ್ಣಾರೆ ನೋಡಲೇಬೇಕು. ಗಡ್ಡೆ ಚಿಕ್ಕದಿರುವಾಗಲೇ ದಾರಿ ಕಟ್ಟಿ ಕಾಮಾಲೆಯಾಗಿ ಹೊರಬೀಳುವುದರಿಂದ ಈ ಐದರಲ್ಲಿ ಆಪರೇಷನ್‌ಗೆ ಹೆಚ್ಚು ಸಲ ಸಿಗುವುದು, ಫಲಿತಾಂಶ ಚೆನ್ನಾಗಿರುವುದು ಇದರದ್ದೇ. ಕಾಮಾಲೆ ತಾನಾಗಿ ಇಳಿಯಿತೆಂದು ಬಿಟ್ಟರೆ ಕೈಯಾರೆ ಆ ಅವಕಾಶ ಕಳೆದಂತೆ.

ಕಾಮಾಲೆ ತರುವ ಪಿತ್ತನಾಳದ ಕ್ಯಾನ್ಸರ್ ಮುಖ್ಯವಾಗಿ ಎರಡು ಜಾಗದಲ್ಲಿ ಬರುತ್ತದೆ. ನಾಳದ ಕೆಳತುದಿಯಲ್ಲಿ ಬಂದರೆ ಪ್ಯಾಂಕ್ರಿಯಾಸ್ ತಲೆಯದ್ದರಿಂದ ಲಕ್ಷಣದಲ್ಲಿ ಬೇರ್ಪಡಿಸುವುದು ಬಹಳ ಕಷ್ಟ, ಅದು ಸ್ಕ್ಯಾನ್‌ನ ಕೆಲಸ. ಹೈಲಂನಲ್ಲಿ ಬಂದರೆ, ಇದನ್ನು ಕ್ಲಾಟ್ಸ್‌ಕಿನ್ ಗಡ್ಡೆ ಎನ್ನುತ್ತಾರೆ, ತೀವ್ರ ತುರಿಕೆ ಮತ್ತು ಕಡು ಕಾಮಾಲೆ, ಆದರೆ ಪಿತ್ತಕೋಶ ಊದಿರುವುದಿಲ್ಲ.

ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನ ಉತ್ತರ ಭಾರತದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ, ಹೆಂಗಸರಲ್ಲಿ ಹೆಚ್ಚು. ಬಹುತೇಕರಲ್ಲಿ ಹಳೆಯ ಕಲ್ಲಿನ ಇತಿಹಾಸ ಇರುತ್ತದೆ. ಮೊದಲು ಊಟದ ನಂತರ ಬಂದು ಹೋಗುತ್ತಿದ್ದ ನೋವು ಈಗ ಬಿಡದೆ ಇರುವ ಮಂದ ನೋವಾಗಿ ಬದಲಾದರೆ, ಹಸಿವು ಸತ್ತರೆ, ಎಚ್ಚರವಾಗಬೇಕು. ಇಲ್ಲಿ ಕಾಮಾಲೆ ಸಾಮಾನ್ಯವಾಗಿ ತಡವಾಗಿ ಬರುತ್ತದೆ, ಗಡ್ಡೆ ಪಿತ್ತಕೋಶದ ಗೋಡೆ ದಾಟಿ ನಾಳವನ್ನು ಹಿಡಿದಾಗ. ನೋವು ಮೊದಲು, ಕಾಮಾಲೆ ಆಮೇಲೆ: ಇದು ಪ್ಯಾಂಕ್ರಿಯಾಸ್ ತಲೆಯದ್ದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಕಲ್ಲಿಗೆಂದು ಪಿತ್ತಕೋಶ ತೆಗೆಸುವ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿ: ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಿದರೇ ಎಂದು ಕೇಳಿ, ವರದಿ ಪಡೆದು ಓದಿಸಿ. ಆಕಸ್ಮಿಕವಾಗಿ ಅದರಲ್ಲಿ ಕ್ಯಾನ್ಸರ್ ಸಿಗುವುದುಂಟು, ಆ ಹಂತದಲ್ಲಿ ಮತ್ತೊಂದು ಆಪರೇಷನ್‌ನಿಂದ ಗುಣಪಡಿಸುವ ಅವಕಾಶ ಇರುತ್ತದೆ.

ಲಿವರ್ ಕ್ಯಾನ್ಸರ್ ಬಹುತೇಕ ಬೇರೆ ನೆಲದಲ್ಲಿ ಬೆಳೆಯುತ್ತದೆ: ಹೆಪಟೈಟಿಸ್ ಬಿ ಅಥವಾ ಸಿ, ಮದ್ಯಪಾನ, ಕೊಬ್ಬಿನ ಲಿವರ್‌ನಿಂದಾದ ಸಿರೋಸಿಸ್. ಇಲ್ಲಿ ಕಾಮಾಲೆ ಬರುವುದು ಹೆಚ್ಚಾಗಿ ಲಿವರ್ ಸೋತದ್ದರಿಂದ, ನಾಳ ಕಟ್ಟಿದ್ದರಿಂದ ಅಲ್ಲ. ಆದ್ದರಿಂದ ತುರಿಕೆ ಮತ್ತು ಬಿಳಿ ಮಲಕ್ಕಿಂತ ಹೊಟ್ಟೆಯಲ್ಲಿ ನೀರು, ಕಾಲೂತ, ಪ್ಲೇಟ್‌ಲೆಟ್ ಇಳಿಕೆ, ಅಲ್ಬುಮಿನ್ 3.5ಕ್ಕಿಂತ ಕಡಿಮೆ ಇರುವುದು ಮುಂದೆ ಕಾಣುತ್ತವೆ. ಸ್ಥಿರವಾಗಿದ್ದ ಸಿರೋಸಿಸ್ ರೋಗಿ ಕಾರಣವಿಲ್ಲದೆ ಒಮ್ಮೆಲೇ ಕುಸಿದರೆ ಮೊದಲ ಅನುಮಾನ ಇದರ ಮೇಲೆ.

ಕಾಮಾಲೆಯೇ ಇಲ್ಲದೆ ಬರುವವರನ್ನೂ ಮರೆಯಬಾರದು. ಪ್ಯಾಂಕ್ರಿಯಾಸ್‌ನ ಬಾಲದ ಕಡೆಯ ಗಡ್ಡೆ ಪಿತ್ತದ ದಾರಿಯಿಂದ ದೂರ, ಅದು ನೋವು ಮತ್ತು ತೂಕ ಇಳಿಕೆಯಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ, ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುತ್ತದೆ.

ಹಂತ 5: ಟ್ಯೂಮರ್ ಮಾರ್ಕರ್‌ಗಳನ್ನು ಅವುಗಳ ಮಿತಿಯಲ್ಲೇ ಓದಿ

ಸಿಎ 19-9 ಸಾಮಾನ್ಯವಾಗಿ 37 ಯೂನಿಟ್ ಒಳಗಿರುತ್ತದೆ. ಪ್ಯಾಂಕ್ರಿಯಾಸ್, ಪಿತ್ತನಾಳ, ಆಂಪುಲ್ಲಾ, ಪಿತ್ತಕೋಶ ಎಲ್ಲದರಲ್ಲೂ ಇದು ಏರುತ್ತದೆ. ಹಾಗಾಗಿ ಇವುಗಳ ನಡುವೆ ಯಾವುದು ಎಂದು ಹೇಳಲು ಇದರಿಂದ ಪ್ರಯೋಜನ ಕಡಿಮೆ. ಅದಕ್ಕಿಂತ ಮುಖ್ಯ, ಕ್ಯಾನ್ಸರ್ ಇಲ್ಲದಿದ್ದರೂ ಪಿತ್ತ ಕಟ್ಟಿದರೆ ಸಾಕು ಏರುತ್ತದೆ. ಕಲ್ಲಿನಿಂದ ಕೊಲಾಂಜೈಟಿಸ್ ಆದವರಲ್ಲಿ ಸಾವಿರ ದಾಟಿ, ಕಲ್ಲು ತೆಗೆದ ಮೇಲೆ ಸಹಜಕ್ಕೆ ಇಳಿದ ಉದಾಹರಣೆಗಳು ವೈದ್ಯಕೀಯದಲ್ಲಿ ಚೆನ್ನಾಗಿ ದಾಖಲಾಗಿವೆ. ಬಿಲಿರುಬಿನ್ 12 ಇರುವಾಗ ಬಂದ 200ಕ್ಕೆ ಅರ್ಥ ಕಟ್ಟಬೇಡಿ. ದಾರಿ ಬಿಡಿಸಿ, ಬಿಲಿರುಬಿನ್ ಇಳಿದ ಮೇಲೆ ಮತ್ತೆ ಮಾಡಿಸಿ. ಆಗಲೂ ಏರಿಯೇ ಇದ್ದರೆ ಆ ಸಂಖ್ಯೆಗೆ ಬೆಲೆ ಬರುತ್ತದೆ.

ಇನ್ನೊಂದು ಬದಿಯ ತಪ್ಪೂ ಇದೆ. ನೂರರಲ್ಲಿ ಐದರಿಂದ ಹತ್ತು ಜನರ ದೇಹ ಹುಟ್ಟಿನಿಂದಲೇ ಸಿಎ 19-9 ತಯಾರಿಸುವುದಿಲ್ಲ, ಏಕೆಂದರೆ ಅವರಲ್ಲಿ ಲೂಯಿಸ್ ಎಂಬ ರಕ್ತಗುಂಪಿನ ಅಂಶ ಇರುವುದಿಲ್ಲ. ಅವರಿಗೆ ದೊಡ್ಡ ಗಡ್ಡೆ ಇದ್ದರೂ ವರದಿ ಸಹಜವಾಗಿರುತ್ತದೆ. ಆರೋಗ್ಯವಂತರು "ಫುಲ್ ಬಾಡಿ ಪ್ಯಾಕೇಜ್"ನಲ್ಲಿ ಇದನ್ನು ಮಾಡಿಸುವುದು ಹಣ ಮತ್ತು ನಿದ್ದೆ ಎರಡನ್ನೂ ಕಳೆದುಕೊಳ್ಳುವ ದಾರಿ, ನಾವು ಬೇಡವೆಂದೇ ಹೇಳುತ್ತೇವೆ. ಇದರ ನಿಜವಾದ ಉಪಯೋಗ ರೋಗ ಖಚಿತವಾದ ಮೇಲೆ, ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಎಂದು ಅಳೆಯುವುದರಲ್ಲಿ.

ಎಎಫ್‌ಪಿ ಎಂಬ ಮಾರ್ಕರ್ ಲಿವರ್ ಕ್ಯಾನ್ಸರಿನದ್ದು. 10 ನ್ಯಾನೊಗ್ರಾಂ ಒಳಗೆ ಸಹಜ. ಸಿರೋಸಿಸ್ ಇದ್ದು, ಸ್ಕ್ಯಾನ್‌ನಲ್ಲಿ ಗಡ್ಡೆ ಇದ್ದು, ಎಎಫ್‌ಪಿ 400 ದಾಟಿದರೆ ಲಿವರ್ ಕ್ಯಾನ್ಸರ್ ಸಾಧ್ಯತೆ ತುಂಬಾ ಹೆಚ್ಚು. ಆದರೆ ಲಿವರ್ ಕ್ಯಾನ್ಸರ್ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಎಎಫ್‌ಪಿ ಏರುವುದೇ ಇಲ್ಲ. ಗರ್ಭಿಣಿಯರಲ್ಲಿ, ಕೆರಳಿದ ಹೆಪಟೈಟಿಸ್‌ನಲ್ಲಿ, ವೃಷಣದ ಕೆಲವು ಗಡ್ಡೆಗಳಲ್ಲಿ ಏರುವುದೂ ಉಂಟು. ಅದಕ್ಕೇ ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಎಎಫ್‌ಪಿ ಜೊತೆ ಅಲ್ಟ್ರಾಸೌಂಡ್ ಮಾಡಿಸಬೇಕು. ಪಿವ್ಕಾ-2 ಎಂಬ ಇನ್ನೊಂದು ಮಾರ್ಕರ್ ಕೂಡ ಈಗ ಬರೆಯುತ್ತಾರೆ. ವಿಟಮಿನ್ ಕೆ ಕೊರತೆಯಾದರೂ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಂಡರೂ ಅದು ಏರುತ್ತದೆ. ಹಾಗಾಗಿ ತಡೆಯ ಕಾಮಾಲೆಯಲ್ಲಿ ಅದನ್ನು ನೋಡಿ ಲಿವರ್ ಕ್ಯಾನ್ಸರ್ ಎಂದು ಓದುವುದು ತಪ್ಪು.

ಸಿಇಎ ಎಂಬ ಮಾರ್ಕರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ 5ರವರೆಗೂ ಸಹಜ. ಲಿವರಿನಲ್ಲಿ ಹಲವು ಗಡ್ಡೆಗಳಿದ್ದು ಸಿಇಎ ತುಂಬಾ ಏರಿದ್ದರೆ ಅವು ಲಿವರಿನಲ್ಲೇ ಹುಟ್ಟಿದವಾಗಿರದೆ ದೊಡ್ಡ ಕರುಳಿನಿಂದ ಬಂದಿರಬಹುದು, ಕೊಲೊನೊಸ್ಕೋಪಿ ಬೇಕಾಗುತ್ತದೆ.

ಹಂತ 6: ಸ್ಕ್ಯಾನ್‌ಗಳನ್ನು ಸರಿಯಾದ ಕ್ರಮದಲ್ಲಿ ಮಾಡಿಸಿ

ಮೊದಲು ಅಲ್ಟ್ರಾಸೌಂಡ್. ವರದಿಯಲ್ಲಿ ಮೂರು ಸಾಲು ಹುಡುಕಿ: ಲಿವರಿನೊಳಗಿನ ನಾಳಗಳು ಹಿಗ್ಗಿವೆಯೇ, ಸಿಬಿಡಿ ಎಂದು ಬರೆಯುವ ಮುಖ್ಯ ಪಿತ್ತನಾಳ ಎಷ್ಟು ಮಿಲಿಮೀಟರ್ ಇದೆ, ಪಿತ್ತಕೋಶ ಊದಿದೆಯೇ ಮುದುಡಿದೆಯೇ. ಸಿಬಿಡಿ ಸುಮಾರು 6ರಿಂದ 7 ಮಿಲಿಮೀಟರ್‌ವರೆಗೆ ಸಹಜ, ಪಿತ್ತಕೋಶ ತೆಗೆಸಿದವರಲ್ಲಿ 10ರವರೆಗೆ ಇರಬಹುದು. ಲಿವರಿನೊಳಗಿನ ನಾಳ ಹಿಗ್ಗಿದ್ದು ಸಿಬಿಡಿ ಸಹಜವಾಗಿದ್ದರೆ ತಡೆ ಹೈಲಂನಲ್ಲಿ. ಎರಡೂ ಹಿಗ್ಗಿ ಪಿತ್ತಕೋಶವೂ ಊದಿದ್ದರೆ ತಡೆ ಕೆಳತುದಿಯಲ್ಲಿ. ಪಿತ್ತನಾಳ, ಪ್ಯಾಂಕ್ರಿಯಾಸ್ ನಾಳ ಎರಡೂ ಹಿಗ್ಗಿದ್ದರೆ ಪ್ಯಾಂಕ್ರಿಯಾಸ್ ತಲೆ ಅಥವಾ ಆಂಪುಲ್ಲಾ. "ಗ್ಯಾಸ್‌ನಿಂದಾಗಿ ಪ್ಯಾಂಕ್ರಿಯಾಸ್ ಕಾಣಲಿಲ್ಲ" ಎಂಬ ಸಾಲು ಇದ್ದರೆ ಅದು ನಾರ್ಮಲ್ ಎಂದಲ್ಲ, ನೋಡಿಲ್ಲ ಎಂದರ್ಥ.

ನಂತರ ಕಾಂಟ್ರಾಸ್ಟ್, ಅಂದರೆ ಅಂಗಗಳು ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ, ಹಾಕಿ ಮಾಡುವ ಸಿಟಿ. ಪ್ಲೇನ್ ಸಿಟಿಯಿಂದ ಇಲ್ಲಿ ಬಹುತೇಕ ಉಪಯೋಗವಿಲ್ಲ. ಪ್ಯಾಂಕ್ರಿಯಾಸ್ ಅನುಮಾನವಿದ್ದರೆ ಪ್ಯಾಂಕ್ರಿಯಾಸ್ ಪ್ರೊಟೊಕಾಲ್, ಲಿವರ್ ಅನುಮಾನವಿದ್ದರೆ ಟ್ರೈಫೇಸಿಕ್ (ಕಾಂಟ್ರಾಸ್ಟ್ ಹರಿಯುವ ಮೂರು ಹಂತಗಳಲ್ಲಿ ಚಿತ್ರ ತೆಗೆಯುವುದು) ಎಂದು ಚೀಟಿಯಲ್ಲಿ ಬರೆಸಿ. ಸಿರೋಸಿಸ್ ಇರುವವರ ಲಿವರ್ ಗಡ್ಡೆ ಮೊದಲ ಹಂತದಲ್ಲಿ ಹೊಳೆದು, ಮುಂದಿನ ಹಂತದಲ್ಲಿ ಸುತ್ತಲಿನ ಲಿವರ್‌ಗಿಂತ ಮಸುಕಾದರೆ ಬಯಾಪ್ಸಿ ಇಲ್ಲದೆಯೂ ಲಿವರ್ ಕ್ಯಾನ್ಸರ್ ಎಂದು ಖಚಿತಪಡಿಸಬಹುದು. ಸ್ಕ್ಯಾನ್‌ಗೆ ಮುಂಚೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿಸಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ.

ಹೆಚ್ಚು ಜನ ಎಡವುವುದು ಇಲ್ಲೇ: ಸಿಟಿಗೆ ಮುಂಚೆ ಸ್ಟೆಂಟ್ ಹಾಕಿಸಬೇಡಿ. ಇಆರ್‌ಸಿಪಿ, ಅಂದರೆ ಎಂಡೋಸ್ಕೋಪ್ ಮೂಲಕ ನಾಳಕ್ಕೆ ಕೊಳವೆ ಇಡುವ ವಿಧಾನ, ಪ್ಯಾಂಕ್ರಿಯಾಸ್‌ಗೆ ಊತ ತರಬಹುದು. ಊದಿದ ಪ್ಯಾಂಕ್ರಿಯಾಸ್ ಮತ್ತು ಸ್ಟೆಂಟ್‌ನ ನೆರಳಿನ ನಡುವೆ ಸಣ್ಣ ಗಡ್ಡೆಯ ಅಂಚು, ರಕ್ತನಾಳಕ್ಕೆ ಅದು ತಾಗಿದೆಯೇ ಇಲ್ಲವೇ ಎಂಬುದು ತಿಳಿಯುವುದಿಲ್ಲ. ಆಪರೇಷನ್ ಸಾಧ್ಯವೇ ಎಂಬ ತೀರ್ಮಾನ ನಿಂತಿರುವುದು ಆ ಅಂಚಿನ ಮೇಲೆಯೇ. ಕೊಲಾಂಜೈಟಿಸ್ ಇದ್ದರೆ ಮಾತು ಬೇರೆ, ಆಗ ದಾರಿ ಬಿಡಿಸುವುದೇ ಮೊದಲು. ಉಳಿದವರು "ಸಿಟಿ ಆದ ಮೇಲೆ ಸ್ಟೆಂಟ್ ಮಾಡಬಹುದೇ, ಸ್ಟೆಂಟ್ ಇಲ್ಲದೆಯೇ ಆಪರೇಷನ್ ಸಾಧ್ಯವೇ" ಎಂದು ಕೇಳಿ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಬಿಲಿರುಬಿನ್ ಸುಮಾರು 14.6ರೊಳಗಿದ್ದ ಪ್ಯಾಂಕ್ರಿಯಾಸ್ ತಲೆಯ ರೋಗಿಗಳಿಗೆ ಎಲ್ಲರಿಗೂ ಮುಂಚೆಯೇ ಸ್ಟೆಂಟ್ ಹಾಕಿದಾಗ ತೊಡಕುಗಳು ಹೆಚ್ಚಾದವು, ನೇರ ಆಪರೇಷನ್ ಆದವರಲ್ಲಿ ಕಡಿಮೆ ಇದ್ದವು.

ಹೈಲಂ ತಡೆಗೆ ಎಂಆರ್‌ಸಿಪಿ ಬೇಕು, ಇದು ನಾಳಗಳ ನಕ್ಷೆ ತೆಗೆಯುವ ಎಂಆರ್‌ಐ. ಆಂಪುಲ್ಲಾ ಅನುಮಾನವಿದ್ದರೆ ಪಕ್ಕಕ್ಕೆ ನೋಡುವ ಸೈಡ್ ವ್ಯೂ ಎಂಡೋಸ್ಕೋಪ್ ಬೇಕು, ಸಾಮಾನ್ಯ ಎಂಡೋಸ್ಕೋಪಿಯಲ್ಲಿ ಆ ಜಾಗ ತಪ್ಪಿಹೋಗುತ್ತದೆ. ಸಿಟಿಯಲ್ಲಿ ಕಾಣದ ಸಣ್ಣ ಪ್ಯಾಂಕ್ರಿಯಾಸ್ ಗಡ್ಡೆಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್.

ಹಂತ 7: ಕ್ಯಾನ್ಸರ್‌ನಂತೆ ಕಾಣುವ, ಕ್ಯಾನ್ಸರ್ ಅಲ್ಲದವುಗಳನ್ನು ಹೊರಗಿಡಿ

ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಎಂಬ ಕಾಯಿಲೆಯಲ್ಲಿ ಪ್ಯಾಂಕ್ರಿಯಾಸ್ ಊದಿ, ನಾಳ ಕಟ್ಟಿ, ನೋವಿಲ್ಲದ ಕಾಮಾಲೆ ಬಂದು ಎಲ್ಲವೂ ಕ್ಯಾನ್ಸರ್‌ನಂತೆಯೇ ಕಾಣುತ್ತದೆ, ಆದರೆ ಸ್ಟೀರಾಯ್ಡ್ ಮಾತ್ರೆಗೆ ಕರಗುತ್ತದೆ. ಅದಕ್ಕೆ ಐಜಿಜಿ4 ರಕ್ತಪರೀಕ್ಷೆ. ಮಿತಿಯ ಎರಡು ಪಟ್ಟು ದಾಟಿದರೆ ಅನುಮಾನ ಬಲವಾಗುತ್ತದೆ. ಆದರೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇರುವ ಕೆಲವರಲ್ಲೂ ಅದು ಸ್ವಲ್ಪ ಏರುವುದರಿಂದ, ಬಯಾಪ್ಸಿ ಮಾಡದೆ ಸ್ಟೀರಾಯ್ಡ್ ಕೊಟ್ಟು ನೋಡೋಣ ಎಂಬುದಕ್ಕೆ ಸುಲಭವಾಗಿ ಒಪ್ಪಬೇಡಿ.

ಪಿತ್ತಕೋಶದ ಕಲ್ಲು ಹೊರಗಿನಿಂದ ಮುಖ್ಯ ನಾಳವನ್ನು ಒತ್ತುವ ಮಿರಿಜ್ಜಿ ಸಿಂಡ್ರೋಮ್ ಹೈಲಂ ಗಡ್ಡೆಯಂತೆ ಕಾಣುತ್ತದೆ. ದೀರ್ಘಕಾಲದ ಸೋಂಕಿನಿಂದ ಪಿತ್ತಕೋಶದ ಗೋಡೆ ದಪ್ಪವಾದರೆ ಕ್ಯಾನ್ಸರ್‌ನಿಂದ ಬೇರ್ಪಡಿಸುವುದು ನುರಿತವರಿಗೂ ಕಷ್ಟ. ನಮ್ಮ ದೇಶದಲ್ಲಿ ಟಿಬಿ ಗ್ರಂಥಿಗಳು ನಾಳವನ್ನು ಒತ್ತುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಂತ 8: ಬಯಾಪ್ಸಿ ಯಾರಿಗೆ, ಎಲ್ಲಿಗೆ ಹೋಗುವುದು

ಬಯಾಪ್ಸಿ ಎಲ್ಲರಿಗೂ ಮೊದಲೇ ಬೇಕಿಲ್ಲ. ಸ್ಕ್ಯಾನ್ ಸ್ಪಷ್ಟವಾಗಿದ್ದು ಪೂರ್ತಿ ತೆಗೆಯಬಹುದಾದ ಪ್ಯಾಂಕ್ರಿಯಾಸ್ ತಲೆಯ ಗಡ್ಡೆಯನ್ನು ನೇರವಾಗಿ ವಿಪ್ಪಲ್ ಆಪರೇಷನ್‌ಗೆ (ಪ್ಯಾಂಕ್ರಿಯಾಸ್ ತಲೆ, ಡುವೋಡಿನಂ, ಪಿತ್ತನಾಳದ ಕೆಳಭಾಗವನ್ನು ಒಟ್ಟಿಗೆ ತೆಗೆಯುವುದು) ಒಯ್ಯುವುದು ಒಪ್ಪಿತ ಕ್ರಮ. ಕೀಮೋಥೆರಪಿ ಮೊದಲು ಕೊಡುವುದಾದರೆ ಬಯಾಪ್ಸಿ ಕಡ್ಡಾಯ. ತೆಗೆಯಬಹುದಾದ ಪಿತ್ತಕೋಶದ ಅಥವಾ ಹೈಲಂ ಗಡ್ಡೆಗೆ ಹೊಟ್ಟೆಯ ಮೇಲಿನಿಂದ ಸೂಜಿ ಹಾಕಿಸಲು ಯಾರಾದರೂ ಹೇಳಿದರೆ, ಶಸ್ತ್ರವೈದ್ಯರನ್ನು ಕೇಳದೆ ಒಪ್ಪಬೇಡಿ, ಸೂಜಿಯ ದಾರಿಯಲ್ಲಿ ಜೀವಕೋಶ ಹರಡುವ ಅಪಾಯವಿದೆ.

ಈ ಆಪರೇಷನ್‌ಗಳನ್ನು ಹೆಚ್ಚಾಗಿ ಮಾಡುವ ಕಡೆಯೇ ಮಾಡಿಸಿ. ಸರ್ಜಿಕಲ್ ಗ್ಯಾಸ್ಟ್ರೊ, ಕ್ಯಾನ್ಸರ್ ಔಷಧಿ ತಜ್ಞರು, ರೇಡಿಯಾಲಜಿ ಮೂರೂ ಒಂದೇ ಕಡೆ ಕೂತು ಚರ್ಚಿಸುವ ಆಸ್ಪತ್ರೆ ಆಗಿರಲಿ. ಬೆಂಗಳೂರಿನಲ್ಲಿ ಸರ್ಕಾರಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಗ್ಯಾಸ್ಟ್ರೊಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ, ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ.

ಹೋಗುವಾಗ ಸಿಟಿಯ ಕಾಗದದ ವರದಿ ಮಾತ್ರ ಒಯ್ದರೆ ಸ್ಕ್ಯಾನ್ ಮತ್ತೆ ಮಾಡಬೇಕಾಗಬಹುದು. ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಚಿತ್ರಗಳನ್ನೇ ಕೇಳಿ ಪಡೆಯಿರಿ. ಬಯಾಪ್ಸಿ ಆಗಿದ್ದರೆ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಆ ಲ್ಯಾಬಿನಿಂದ ಬರೆದುಕೊಟ್ಟು ತೆಗೆದುಕೊಳ್ಳಿ. ಸ್ಟೆಂಟ್ ಹಾಕಿದ್ದರೆ ಅದು ಪ್ಲಾಸ್ಟಿಕ್ಕೋ ಲೋಹದ್ದೋ, ಯಾವ ದಿನಾಂಕ ಎಂದು ಬರೆದಿಡಿ, ಪ್ಲಾಸ್ಟಿಕ್‌ನದ್ದು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬದಲಿಸಬೇಕು, ಇಲ್ಲವಾದರೆ ಕಟ್ಟಿಕೊಂಡು ಚಳಿಜ್ವರ ಬರುತ್ತದೆ. ಸ್ಟೆಂಟ್ ನಂತರ ಮೂತ್ರ ಕೆಲವೇ ದಿನದಲ್ಲಿ ತಿಳಿಯಾಗಿ ಕಣ್ಣು ಮಾತ್ರ ವಾರಗಳವರೆಗೆ ಹಳದಿ ಉಳಿದರೆ ಗಾಬರಿ ಬೇಡ, ಬಿಲಿರುಬಿನ್‌ನ ಒಂದು ಭಾಗ ಅಲ್ಬುಮಿನ್‌ಗೆ ಅಂಟಿಕೊಂಡು ನಿಧಾನವಾಗಿ ಹೋಗುತ್ತದೆ. ಮೂತ್ರ ಮತ್ತೆ ಕಂದಾದರೆ, ಅಥವಾ ಜ್ವರ ಬಂದರೆ, ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ.